ಸ್ವಾವಲಂಬನೆಯನ್ನು ಯಾವ ಕೋಲಿನಿಂದ ಅಳೆಯುವುದು?

ಬದಿಯಡ್ಕದ ಆಸುಪಾಸಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುವವನೆಂಬ ಕಾರಣಕ್ಕೆ, ಮದುವೆಮನೆಯ ಹಂತಿಯಲ್ಲಿ ಕೂತಾಗಲೂ ನನಗೆ ಎದುರಾಗುವ ಪ್ರಶ್ನೆ ಇದು: ತಂತ್ರಜ್ಞಾನದಲ್ಲಿ ನಮ್ಮ ದೇಶ ಶೇಕಡಾ ಎಷ್ಟು ಸ್ವತಂತ್ರ?

ಮೊದಲು ನಮ್ಮ ಅಡಿಕೆ ತೋಟಕ್ಕೆ ಬನ್ನಿ. ಅಡಿಕೆ ಕಾಯಿ ಕೊಳೆತು ಉದುರುವ ಮಹಾಳಿ ರೋಗಕ್ಕೆ ಬಿಡುವ ಬೋರ್ಡೋ ಮದ್ದು 19ನೇ ಶತಮಾನದ ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ಹುಟ್ಟಿದ್ದು. ಆದರೆ ಮೈಲುತುತ್ತು (ತಾಮ್ರದ ಸಲ್ಫೇಟ್) ಮತ್ತು ಸುಣ್ಣವನ್ನು ಬೆರೆಸಿ, ಹೊಳೆಯುವ ಕತ್ತಿಯನ್ನು ಅದ್ದಿ, ಅದಕ್ಕೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕೆಂಬುದು ಇಲ್ಲಿ ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತು. ಮರ ಹತ್ತುವವರು ಸಿಗದ ಮೇಲೆ ಬಂದ, ನೆಲದಲ್ಲಿ ನಿಂತೇ ಮದ್ದು ಬಿಡುವ, ಗೊನೆ ಕೊಯ್ಯುವ ಉದ್ದನೆಯ ಕಾರ್ಬನ್ ಫೈಬರ್ ದೋಟಿಯ ಕತೆ ಬೇರೆ. ಅದನ್ನು ಪೇಟೆಯಲ್ಲೇ ಕೊಳ್ಳಬಹುದು. ಆದರೆ ಅಂತಹ ನಾರಿನ ಅತಿದೊಡ್ಡ ತಯಾರಕ ಜಪಾನಿನ ಟೋರೇ ಕಂಪನಿ, ಮತ್ತು ಬಿರುಕುಬಿಟ್ಟ ತುಂಡನ್ನು ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲಿ ಕೂಡಿಸಲಾಗದು. ವಸ್ತು ಎಲ್ಲಿಂದ ಬಂತೆಂಬುದಕ್ಕಿಂತ ವಿದ್ಯೆ ಯಾರ ಕೈಯಲ್ಲಿದೆ ಎಂಬುದು ಮುಖ್ಯ.

ಅರ್ಥಶಾಸ್ತ್ರಜ್ಞರ ಬಳಿ ಅಳತೆಗೋಲುಗಳಿಲ್ಲವೆಂದಲ್ಲ. ಪರರ ತಂತ್ರಜ್ಞಾನವನ್ನು ಬಳಸುವ ಪರವಾನಗಿ ಮತ್ತು ರಾಯಧನಕ್ಕೆ (ರಾಯಲ್ಟಿ) ದೇಶ ತೆತ್ತದ್ದೆಷ್ಟು, ಗಳಿಸಿದ್ದೆಷ್ಟು ಎಂದು ತೂಗುವುದು ಒಂದು. ಭಾರತ ತೆರುವುದು ಗಳಿಕೆಯ ಹಲವು ಪಟ್ಟು. ಆದರೆ ಈ ತಕ್ಕಡಿ ಪೂರ್ತಿ ನಂಬಿಕೆಗೆ ಅರ್ಹವಲ್ಲ; ಬಹುರಾಷ್ಟ್ರೀಯ ಕಂಪನಿಗಳ ತೆರಿಗೆ ಲೆಕ್ಕಾಚಾರದಿಂದಾಗಿ ಪುಟ್ಟ ಐರ್ಲೆಂಡ್ ಜಗತ್ತಿನ ಅತಿದೊಡ್ಡ ರಾಯಧನ ಪಾವತಿದಾರರ ಸಾಲಿನಲ್ಲಿ ಕಾಣಿಸುತ್ತದೆ. ಸಂಶೋಧನೆಯ ವೆಚ್ಚ ಇನ್ನೊಂದು: 2020–21ರಲ್ಲಿ ನಮ್ಮದು ಜಿಡಿಪಿಯ ಶೇ. 0.64, ದಕ್ಷಿಣ ಕೊರಿಯಾದ್ದು ಶೇ. 5ರ ಹತ್ತಿರ.

ಹೀಗಿದ್ದೂ 2019ರ ಜುಲೈಯಲ್ಲಿ ಜಪಾನ್ ಚಿಪ್ ಮತ್ತು ಪರದೆಗಳ ತಯಾರಿಕೆಗೆ ಬೇಕಾದ ಮೂರು ರಾಸಾಯನಿಕ ಸಾಮಗ್ರಿಗಳ ರಫ್ತಿಗೆ ಬಿಗಿ ನಿಯಮ ಹೇರಿದಾಗ, ಮೆಮೊರಿ ಚಿಪ್ಪಿನಲ್ಲಿ ಜಗತ್ತಿಗೇ ಮುಂದಿದ್ದ ಕೊರಿಯಾ ಬೆಚ್ಚಿಬಿತ್ತು. ಆದುದರಿಂದ ನಾನು ಶೇಕಡಾ ಕೇಳಿದವರಿಗೆ ವರ್ಷಗಳಲ್ಲಿ ಉತ್ತರಿಸುತ್ತೇನೆ: ಕೊಡುವವನು ಕೈಯೆತ್ತಿದರೆ ನಾವೇ ಮಾಡಿಕೊಳ್ಳಲು ಎಷ್ಟು ಕಾಲ ಬೇಕು? ಆ ಮೂರರಲ್ಲಿ ಒಂದಾದ ಹೈಡ್ರೋಜನ್ ಫ್ಲೋರೈಡಿಗೆ ಕೊರಿಯಾದ ಕಂಪನಿಗಳು ಸುಮಾರು ಒಂದು ವರ್ಷದೊಳಗೆ ಸ್ವದೇಶಿ ಬದಲಿಯನ್ನು ತಯಾರಿಸತೊಡಗಿದವು. ನಮಗೆ ರಾಕೆಟ್ಟಿನ ಕ್ರಯೋಜೆನಿಕ್ (ಅತಿಶೀತಲ ದ್ರವ ಇಂಧನದ) ಎಂಜಿನ್‌ಗಳನ್ನು ಕೊಟ್ಟ ರಷ್ಯಾ, 1993ರಲ್ಲಿ ಅಮೆರಿಕದ ಒತ್ತಡಕ್ಕೆ ಮಣಿದು, ಅವುಗಳ ವಿದ್ಯೆಯನ್ನು ಕೊಡದೆ ಹಿಂದೆ ಸರಿಯಿತು. ನಮ್ಮದೇ ಎಂಜಿನ್ ಹೊತ್ತ ಜಿಎಸ್‌ಎಲ್‌ವಿ ರಾಕೆಟ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು.