ಬಾಲ್ಕನಿ ಕೆಳಗಿನ ಆ ಕಂಬ

ಹಳೆ ಮನೆಗಳ ರಿಪೇರಿ ಕೆಲಸಕ್ಕೆ ಇಳಿದು ಹದಿನೇಳು ವರ್ಷ ಆಯಿತು. ಈ ಕೆಲಸ ನನಗೆ ಕಲಿಸಿದ ದೊಡ್ಡ ಪಾಠ ಸಿಕ್ಕಿದ್ದು ಮೂರನೇ ವರ್ಷದಲ್ಲಿ, ಒಂದು ಬಾಲ್ಕನಿಯ ಕೆಳಗೆ, ಸುತ್ತಿಗೆಯ ಮೊದಲ ಏಟು ಇನ್ನೇನು ಬೀಳಬೇಕು ಅನ್ನುವ ಹೊತ್ತಿಗೆ.

ಎರಡಂತಸ್ತಿನ ಮನೆ. ಮೇಲಿನ ಅಂತಸ್ತಿನಿಂದ ನಾಲ್ಕಡಿ ಹೊರಗೆ ಚಾಚಿದ ಬಾಲ್ಕನಿ. ಅದರ ಹೊರ ಅಂಚಿನ ನಟ್ಟನಡುವೆ, ಕೆಳಗಿನ ವರಾಂಡದ ಟೈಲ್ಸ್ ಮೇಲೆ ನೇರವಾಗಿ ಎಬ್ಬಿಸಿದ ಇಟ್ಟಿಗೆ ಕಂಬ. ಮುಂಬಾಗಿಲಿಗೆ ಸರಿಯಾಗಿ ಅಡ್ಡ. ಪಾಯ ಇಲ್ಲ, ಒಳಗೆ ಕಂಬಿ ಇಲ್ಲ. ಮೇಲೆ ಸ್ಲ್ಯಾಬಿಗೂ ಕಂಬಕ್ಕೂ ನಡುವೆ ಉಳಿದ ಸಂದಿಗೆ ಒಡೆದ ಟೈಲ್ಸ್ ಚೂರು ತುರುಕಿ ಸಿಮೆಂಟ್ ಮೆತ್ತಿದ್ದರು. ಮನೆಗೆ ಹೊಸ ರೂಪ ಕೊಡಿಸುತ್ತಿದ್ದ ಮಾಲೀಕರ ಮಗ, "ಮೊದಲು ಈ ಅಸಹ್ಯ ತೆಗೆದುಬಿಡಿ" ಅಂದರು. ನನಗೂ ಸರಿ ಅನ್ನಿಸಿತು. ನಕ್ಷೆಯಲ್ಲಿ ಕಂಬ ಇರಲಿಲ್ಲ. ಗೋಡೆಯಿಂದ ಚಾಚಿ ನಿಲ್ಲುವ ಸ್ಲ್ಯಾಬಿಗೆ ಕಂಬದ ಅಗತ್ಯವೂ ಇರುವುದಿಲ್ಲ. ಬುದ್ಧಿ ಇಲ್ಲದೆ ಕಟ್ಟಿದ್ದಾರೆ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿ ಒಡೆಯಲು ಹೇಳಿದೆ.

ನಮ್ಮ ಮೇಸ್ತ್ರಿ ನನ್ನ ತಂದೆಯ ವಯಸ್ಸಿನವರು. ಕಂಬವನ್ನೊಮ್ಮೆ, ಮೇಲಿನ ಸ್ಲ್ಯಾಬನ್ನೊಮ್ಮೆ ನೋಡಿ ಸುತ್ತಿಗೆ ಕೆಳಗಿಟ್ಟರು. "ಸಾರ್, ಇದನ್ನ ಕಟ್ಟಿಸಿದೋರು ಒಳಗೇ ಕೂತಿದಾರಲ್ಲ. ಯಾಕೆ ಕಟ್ಟಿಸಿದ್ರಿ ಅಂತ ಒಂದ್ಮಾತು ಕೇಳ್ಕೊಂಡು ಬನ್ನಿ. ಆಮೇಲೆ ಒಡೆಯೋಣ."

ಒಳಗೆ ಹೋಗಿ ಆ ಹಿರಿಯರನ್ನು ಕೇಳಿದೆ. ಮನೆಗೆ ಬಂದ ಎರಡನೇ ವರ್ಷದಿಂದ ಶುರುವಾದ ಕಥೆ ಅದು. ಬಾಲ್ಕನಿಯಲ್ಲಿ ಬಿದ್ದ ಮಳೆನೀರು ಗೋಡೆಯ ಬದಿಯ ಕಿಂಡಿಗೆ ಹೋಗುವುದು ಬಿಟ್ಟು ಹೊರಗಿನ ಅಂಚಿನಲ್ಲಿ ನಿಲ್ಲತೊಡಗಿತು. ಆಮೇಲೆ, ಬಾಲ್ಕನಿ ನೆಲ ಗೋಡೆಗೆ ಸೇರುವ ಕಡೆ ಉದ್ದಕ್ಕೂ ಒಂದು ಬಿರುಕು. ಮೂರು ವರ್ಷ ವೈಟ್ ಸಿಮೆಂಟ್ ತುಂಬಿಸಿದರು, ಮೂರು ಸಲವೂ ಬಾಯಿಬಿಟ್ಟಿತು. ಕಾಣದಿರಲಿ ಅಂತ ಅದರ ಮೇಲೆ ಟೈಲ್ಸ್ ಹಾಕಿಸಿದರು, ಆ ಟೈಲ್ಸೂ ಅದೇ ಗೆರೆಯಲ್ಲಿ ಸೀಳಿತು. "ಒಂದು ರಾತ್ರಿ ನಿದ್ದೆ ಬರಲಿಲ್ಲ. ಮೊಮ್ಮಕ್ಕಳು ಅಲ್ಲೇ ಆಡ್ತಾರೆ. ಬೆಳಿಗ್ಗೆ ಎದ್ದು ಇಟ್ಟಿಗೆ ತರಿಸಿ ಕಂಬ ಕಟ್ಟಿಸಿಬಿಟ್ಟೆ" ಅಂದರು.

ಈ ಬಿರುಕಿನ ಅರ್ಥ ಗೊತ್ತಿದ್ದವರಿಗೆ ಇಷ್ಟು ಕೇಳಿದರೆ ಮೈ ನಡುಗುತ್ತದೆ. ತೋಳನ್ನು ಮುಂದೆ ಚಾಚಿ ಅಂಗೈಯಲ್ಲಿ ಭಾರ ಹಿಡಿದು ನೋಡಿ. ಸೆಳೆತ ಬೀಳುವುದು ಭುಜದ ಮೇಲ್ಭಾಗಕ್ಕೆ. ಚಾಚು ಸ್ಲ್ಯಾಬಿನಲ್ಲೂ ಹಾಗೆಯೇ. ಕಾಂಕ್ರೀಟು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಆ ಎಳೆತವನ್ನು ಹೊರಬೇಕಾದ್ದು ಕಂಬಿ, ಆದ್ದರಿಂದ ಇಲ್ಲಿ ಮುಖ್ಯ ಕಂಬಿ ಮೇಲ್ಭಾಗದಲ್ಲೇ ಇರಬೇಕು. ಸುತ್ತ ಗೋಡೆ ಇರುವ ಕೋಣೆಯ ಸ್ಲ್ಯಾಬಿನಲ್ಲಿ ನಡುಭಾಗದ ಕಂಬಿ ಕೆಳಗಿರುತ್ತದೆ. ಬಾಲ್ಕನಿಯಲ್ಲಿ ಅದು ತಿರುಗುಮುರುಗು.

ಅವತ್ತೇ ಕಂಬಿ ಪತ್ತೆಹಚ್ಚುವ ಯಂತ್ರ ತರಿಸಿದೆವು. ಆಮೇಲೆ ಅಂಗೈಯಗಲ ಜಾಗದಲ್ಲಿ ಉಳಿಯಿಂದ ಮೆಲ್ಲಗೆ ಬಿಡಿಸಿ ನೋಡಿದೆವು. 125 ಮಿ.ಮೀ. ದಪ್ಪದ ಸ್ಲ್ಯಾಬು. ಮೇಲಿನಿಂದ 20-25 ಮಿ.ಮೀ. ಒಳಗೆ ಸಿಗಬೇಕಾದ ಕಂಬಿ ಸಿಕ್ಕಿದ್ದು 85 ಮಿ.ಮೀ. ಆಳದಲ್ಲಿ. ಅಂದರೆ ಚಾಚು ಸ್ಲ್ಯಾಬಾಗಿ ಅದರ ಬಲ ಅರ್ಧಕ್ಕಿಂತಲೂ ಕೆಳಗಿಳಿದಿತ್ತು. ಕಂಬ ಬಂದಮೇಲೆ ಅದು ಗೋಡೆ ಮತ್ತು ಕಂಬದ ನಡುವೆ ಮಲಗಿದ ಸ್ಲ್ಯಾಬಾಗಿ ಮಾರ್ಪಟ್ಟಿತ್ತು. ಹಾಗೆ ಮಲಗಿದ ಸ್ಲ್ಯಾಬಿಗೆ ಕಂಬಿ ಕೆಳಗೇ ಬೇಕು, ಇಲ್ಲಿ ಕಂಬಿ ಕೆಳಗೇ ಇತ್ತು. ಪಾಯವಿಲ್ಲದ, ಟೈಲ್ಸ್ ಮೇಲೆ ನಿಂತ ಆ ಕಂಬವೇ ಇಷ್ಟು ವರ್ಷ ಬಾಲ್ಕನಿಯನ್ನು ಹೊತ್ತಿತ್ತು. ಅದರ ಬುಡದ ಟೈಲ್ಸ್ ನಾಲ್ಕು ದಿಕ್ಕಿಗೂ ಬಿರಿದದ್ದು ನನ್ನ ಕಣ್ಣಿಗೆ ಬಿದ್ದದ್ದು ಆಗ. ಮೇಸ್ತ್ರಿ ಅದನ್ನು ಮೊದಲೇ ನೋಡಿದ್ದರು. ಏಟು ಬಿದ್ದಿದ್ದರೆ ಕಂಬದ ಪಕ್ಕ ನಿಂತಿದ್ದ ಇಬ್ಬರು ಹುಡುಗರ ಮೇಲೆ ಏನು ಬೀಳುತ್ತಿತ್ತು ಎಂದು ಇವತ್ತಿಗೂ ಯೋಚಿಸುತ್ತೇನೆ.

ಕಂಬಿ ಕೆಳಗೆ ಕೂತಿದ್ದು ಹೇಗೆ ಅಂತ ಕೇಳಿದಾಗ ಹಿರಿಯರು ಮರೆಮಾಚಲಿಲ್ಲ. ಕಾಂಕ್ರೀಟ್ ಹಾಕುವ ದಿನ, ಮೇಲಿನ ಕಂಬಿಯನ್ನು ಎತ್ತಿ ಹಿಡಿಯುವ ಚೇರ್‌ಗಳಿಗೆ ಇನ್ನಷ್ಟು ಕಂಬಿ ಬೇಕು ಅಂತ ಕಂಬಿ ಕಟ್ಟುವವರು ಕೇಳಿದ್ದರಂತೆ. "ಕಾಂಕ್ರೀಟ್ ಒಳಗೆ ಹೂತುಹೋಗೋದಕ್ಕೆ ಅಷ್ಟೊಂದು ಯಾಕೆ ಅಂತ ನಾನೇ ಬೇಡ ಅಂದೆ" ಅಂದರು. ಆಸರೆ ಇಲ್ಲದ ಕಂಬಿಯ ಮೇಲೆ ಕೆಲಸದವರು ಬಾಂಡ್ಲಿ ಹೊತ್ತು ಓಡಾಡಿದರು, ಕಂಬಿ ತುಳಿದು ಕೆಳಗಿಳಿಯಿತು, ಮೇಲೆ ಕಾಂಕ್ರೀಟ್ ಮುಚ್ಚಿತು. ಉಳಿಸಿದ್ದು ಕೆಲವೇ ಕಿಲೋ ಕಂಬಿ.

ಅವತ್ತಿನಿಂದ ನಾನು ಯಾವ ವಿಚಿತ್ರ ಕೆಲಸ ಕಂಡರೂ ಮೊದಲು ಕೇಳುವ ಪ್ರಶ್ನೆ ಒಂದೇ. ಇದನ್ನು ಯಾಕೆ ಮಾಡಿದಿರಿ? ತಪ್ಪು ಹಿಡಿಯುವ ದನಿಯಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ, ಜನ ಮುದುಡಿಕೊಳ್ಳುತ್ತಾರೆ. ನಿಜವಾಗಿ ತಿಳಿಯಬೇಕೆಂದು ಕೇಳಿದರೆ ಮನೆಯ ಇಡೀ ಚರಿತ್ರೆ ಬಿಚ್ಚಿಕೊಳ್ಳುತ್ತದೆ. ಮನೆ ಮಾಲೀಕರು ಸುಮ್ಮಸುಮ್ಮನೆ ಏನನ್ನೂ ಮಾಡಿರುವುದಿಲ್ಲ. ಏನೋ ಒಂದು ಅವರನ್ನು ಕಾಡಿರುತ್ತದೆ. ಅದಕ್ಕೆ ಕೈಗೆ ಸಿಕ್ಕ ಪರಿಹಾರ ಹಚ್ಚಿರುತ್ತಾರೆ. ನಾವು ಆ ಪರಿಹಾರವನ್ನಷ್ಟೇ ಕಿತ್ತು ಬಂದರೆ ಕಾಡಿದ್ದು ಮತ್ತೆ ಎದ್ದು ಬರುತ್ತದೆ.

ಬಚ್ಚಲಿನ ನೆಲದ ಟ್ರ್ಯಾಪಿಗೆ, ಅಂದರೆ ನೀರು ಹೊರಹೋಗುವ ಕಿಂಡಿಯ ಕೆಳಗಿನ ಬಾಗಿದ ಕೊಳವೆಗೆ, ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ಕಲ್ಲು ಹೇರಿದ ಮನೆಗಳನ್ನು ಎಷ್ಟೋ ನೋಡಿದ್ದೇನೆ. ಕೇಳಿದರೆ ಉತ್ತರ ಒಂದೇ: ವಾಸನೆ. ಟ್ರ್ಯಾಪ್ ಕೆಲಸ ಮಾಡುವುದು ಅದರೊಳಗೆ ನಿಂತ ನೀರಿನಿಂದ. ಸಾಮಾನ್ಯವಾಗಿ 50 ಮಿ.ಮೀ. ಆಳದ ಆ ನೀರೇ ಚರಂಡಿಯ ಗಾಳಿಗೂ ಮನೆಗೂ ನಡುವಿನ ಬಾಗಿಲು. 1775ರಲ್ಲಿ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ಶೌಚಾಲಯಕ್ಕೆ ಪೇಟೆಂಟ್ ಪಡೆದಾಗ ಅದರಲ್ಲಿದ್ದ ಬಾಗಿದ ಕೊಳವೆಯ ಉಪಾಯ ಇದೇ, ಇವತ್ತಿಗೂ ಅದಕ್ಕಿಂತ ಸರಳವಾದದ್ದು ಬಂದಿಲ್ಲ. ಬಳಸದ ಬಚ್ಚಲಿನಲ್ಲಿ ಆ ನೀರು ಕೆಲವು ವಾರಗಳಲ್ಲಿ ಆವಿಯಾಗಿಬಿಡುತ್ತದೆ. ಇಷ್ಟೇ ಕಾರಣವಾಗಿದ್ದರೆ ವಾರಕ್ಕೊಂದು ತಂಬಿಗೆ ನೀರು ಸುರಿದರೆ ಸಾಕು. ಬಟ್ಟೆ ತುರುಕಿದರೆ ನೀರಿಗೇ ದಾರಿ ಇಲ್ಲದಾಗುತ್ತದೆ. ಒಂದು ಮನೆಯಲ್ಲಿ ರಾತ್ರಿ ನಲ್ಲಿಯ ಕನೆಕ್ಷನ್ ಪೈಪ್ ಸಿಡಿದು, ಬಚ್ಚಲಿನಿಂದ ಹೊರಬಿದ್ದ ನೀರು ಎರಡು ಕೋಣೆಗಳ ಮರದ ನೆಲವನ್ನು ಉಬ್ಬಿಸಿತ್ತು.

ಆದರೆ ದಿನಾ ಬಳಸುವ ಬಚ್ಚಲಿನಲ್ಲೂ ವಾಸನೆ ಬರುತ್ತಿದ್ದರೆ, ಕಮೋಡಿನಲ್ಲಿ ಫ್ಲಶ್ ಮಾಡಿದಾಗ ಪಕ್ಕದ ಟ್ರ್ಯಾಪ್ ಗುಳುಗುಳು ಅಂದರೆ, ನಾನು ನೇರ ತಾರಸಿ ಹತ್ತುತ್ತೇನೆ. ಅಲ್ಲಿ ವೆಂಟ್ ಪೈಪಿನ ಬಾಯಿಗೆ ಮುಚ್ಚಳ ಬಿಗಿದಿರುತ್ತಾರೆ, ಇಲ್ಲವೇ ಬಟ್ಟೆ ಒಣಗಿಸಲು ಅಡ್ಡಿ ಅಂತ ಬುಡಕ್ಕೇ ಕತ್ತರಿಸಿ ಸಿಮೆಂಟ್ ಮೆತ್ತಿರುತ್ತಾರೆ. ಪೈಪಿನಲ್ಲಿ ರಭಸವಾಗಿ ಇಳಿಯುವ ನೀರಿಗೆ ಹಿಂದಿನಿಂದ ಗಾಳಿ ಬೇಕು. ಅದು ವೆಂಟಿನಿಂದ ಸಿಗದಿದ್ದರೆ ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಹೋಗುತ್ತದೆ. ತಾರಸಿಯ ಮೇಲೆ ಮಾಡಿದ ತಪ್ಪಿಗೆ ಕೆಳಗಿನ ಬಚ್ಚಲಿನಲ್ಲಿ ಬಟ್ಟೆ ತುರುಕಿದ ಹಾಗಾಯಿತು.

ಇದನ್ನು ಬರೀ ವಾಸನೆಯ ವಿಷಯ ಅಂದುಕೊಳ್ಳಬೇಡಿ. 2003ರಲ್ಲಿ ಹಾಂಗ್‌ಕಾಂಗ್‌ನ ಅಮೋಯ್ ಗಾರ್ಡನ್ಸ್ ವಸತಿ ಸಮುಚ್ಚಯದಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ರೋಗ 300ಕ್ಕೂ ಹೆಚ್ಚು ಜನರಿಗೆ ತಗುಲಿತು. ಅಲ್ಲಿನ ಆರೋಗ್ಯ ಇಲಾಖೆಯ ತನಿಖೆ ಬೊಟ್ಟು ಮಾಡಿದ ಕಾರಣಗಳಲ್ಲಿ ಮುಖ್ಯವಾದದ್ದು ಬಚ್ಚಲುಗಳಲ್ಲಿ ಒಣಗಿಹೋಗಿದ್ದ ನೆಲದ ಟ್ರ್ಯಾಪುಗಳು. ಎಕ್ಸಾಸ್ಟ್ ಫ್ಯಾನ್ ತಿರುಗಿದಾಗ ಅವುಗಳ ಮೂಲಕ ಕೊಳಚೆ ಪೈಪಿನ ಗಾಳಿ ಮನೆಯೊಳಗೆ ಬರುತ್ತಿತ್ತು. ಈ ಘಟನೆ ಓದಿದ ಮೇಲೆ, ಯಾವ ಮನೆಗೆ ಯಾವ ಕೆಲಸಕ್ಕೆ ಹೋದರೂ ಬಚ್ಚಲಿನ ಟ್ರ್ಯಾಪಿಗೆ ಒಮ್ಮೆ ಟಾರ್ಚ್ ಬಿಟ್ಟು ನೋಡುವುದು ನನಗೆ ರೂಢಿಯಾಗಿದೆ.

ಹೊಸದಾಗಿ ಕಟ್ಟಿಸುವವರ ಜೊತೆ ನಾನು ಹೆಚ್ಚು ವಾದ ಮಾಡುವುದು ನೀರಿನ ವಿಚಾರಕ್ಕೆ. ಕಾಂಕ್ರೀಟ್ ಗಟ್ಟಿಯಾಗಿದೆ, ಬೇಗ ಹರಡಲಿ ಅಂತ ಮಾಲೀಕರೇ ಪೈಪ್ ಹಿಡಿದು ನಿಂತುಬಿಡುತ್ತಾರೆ. 50 ಕಿಲೋ ಸಿಮೆಂಟ್ ಮೂಟೆಗೆ 25 ಲೀಟರ್ ನೀರು ಅಂದರೆ ಅನುಪಾತ 0.5. ಒಂದು ಬಕೆಟ್, 10 ಲೀಟರ್, ಜಾಸ್ತಿ ಸುರಿದರೆ ಅದು 0.7 ಆಗುತ್ತದೆ, ಕಾಂಕ್ರೀಟಿನ ಬಲದಲ್ಲಿ ಸುಮಾರು ಮೂರನೇ ಒಂದು ಭಾಗ ಹೋಗುತ್ತದೆ. ಸಿಮೆಂಟಿನ ಜೊತೆ ಕೂಡಿಕೊಳ್ಳದೆ ಉಳಿದ ನೀರು ಆಮೇಲೆ ಆರಿಹೋಗಿ, ಅದಿದ್ದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರ ಉಳಿಯುತ್ತವೆ. ಅಮೆರಿಕದ ಕಾಂಕ್ರೀಟ್ ಸಂಶೋಧಕ ಡಫ್ ಅಬ್ರಾಮ್ಸ್ ಈ ಲೆಕ್ಕವನ್ನು 1918ರಲ್ಲೇ ಪ್ರಕಟಿಸಿದ್ದರು. ನನಗೆ ಸಂಕಟವಾಗುವುದು ಏನೆಂದರೆ, ಹಾಕುವ ದಿನ ಬೇಡದಷ್ಟು ನೀರು ಸುರಿಯುವ ಇದೇ ಕೈಗಳು ಹಾಕಿದ ಮೇಲೆ ನೀರು ಕಟ್ಟಲು ಬೇಸರಪಡುತ್ತವೆ. ಕಡಿಮೆ ಅಂದರೆ ಏಳು ದಿನ ಒದ್ದೆಯಾಗಿರಬೇಕಾದ ಸ್ಲ್ಯಾಬು ಮೂರನೇ ದಿನಕ್ಕೆ ಬಿಸಿಲಲ್ಲಿ ಬೆಳ್ಳಗಾಗಿ ಒಣಗಿರುತ್ತದೆ. ಇಲ್ಲೂ ಯಾಕೆ ಅಂತ ಕೇಳಿದ್ದರಿಂದಲೇ ದಾರಿ ಸಿಕ್ಕಿತು. ಒಬ್ಬರು, "ಗಟ್ಟಿ ಕಲಸಿದ್ರೆ ಮೂಲೆಗೆ ಇಳಿಯಲ್ಲ, ಕಂಬಿ ಕೆಳಗೆ ಟೊಳ್ಳು ಬೀಳುತ್ತೆ, ನಮ್ಮ ಹಳೇ ಮನೇಲಿ ಹಾಗೇ ಆಗಿತ್ತು" ಅಂದರು. ಅವರ ಭಯ ನಿಜವಾದದ್ದು. ಅದಕ್ಕೆ ಕಾಂಕ್ರೀಟನ್ನು ಅದುರಿಸಿ ಮೂಲೆಗೂ ಇಳಿಸುವ ವೈಬ್ರೇಟರ್ ಬೇಕು, ಹೆಚ್ಚು ನೀರಲ್ಲ. ಬಾಡಿಗೆಗೆ ಒಂದು ವೈಬ್ರೇಟರ್ ತಂದಮೇಲೆ ಅವರೇ ಪೈಪ್ ಬಂದ್ ಮಾಡಿದರು.

ಎರಡು ಕಡೆ ಮಾತ್ರ ನಾನು ಪ್ರಶ್ನೆ ಕೇಳುವ ಮೊದಲೇ ಕೆಲಸಕ್ಕೆ ಕೈ ಹಾಕುತ್ತೇನೆ. ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದ್ದರೆ, ಪದೇಪದೇ ಬೀಳುತ್ತದೆ ಅಂತ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಬದಲಿಸಿ ದೊಡ್ಡದು ಕೂರಿಸಿದ್ದರೆ, ಮೊದಲು ಮೇನ್ ಆಫ್. ಕರೆಂಟ್ ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟು, ಅದು ಗೋಡೆಯೊಳಗೆ ಯಾರಿಗೂ ಕಾಣದೆ ಸುಡುತ್ತಿರುತ್ತದೆ. ಇನ್ನೊಂದು, ಗ್ಯಾಸ್ ಗೀಸರ್ ಇಟ್ಟ ಬಚ್ಚಲಿನ ಗಾಳಿಕಿಂಡಿಗೆ ಚಳಿ ಅಂತ ಥರ್ಮಾಕೋಲ್ ಅಂಟಿಸಿರುವುದು. ಗಾಳಿ ಸಾಲದೆ ಗ್ಯಾಸ್ ಉರಿದಾಗ ಹುಟ್ಟುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಅಲ್ಲಿ ಗೀಸರಿನ ಗ್ಯಾಸ್ ಬಂದ್ ಮಾಡಿ, ಥರ್ಮಾಕೋಲ್ ಕಿತ್ತ ಮೇಲೆಯೇ ಮಾತು. ಬೈದರೂ ಪರವಾಗಿಲ್ಲ.

ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ಈಗ ಮೊದಲ ವಾರ ಉಪಕರಣ ಕೊಡುವುದಿಲ್ಲ. ಒಂದು ನೋಟ್‌ಬುಕ್ ಕೊಡುತ್ತೇನೆ. ಕಂಡ ಪ್ರತಿ ವಿಚಿತ್ರಕ್ಕೂ ಮೂರು ಸಾಲು: ಏನಿದೆ, ಯಾಕೆ ಮಾಡಿದರಂತೆ, ಅದಕ್ಕೆ ಮೊದಲು ಏನಾಗುತ್ತಿತ್ತು. ಮೂರನೆಯ ಸಾಲಿಗಾಗಿ ಮನೆಯ ಹಿರಿಯರ ಜೊತೆ ಕೂತು ಮಾತಾಡಬೇಕಾಗುತ್ತದೆ. ಮನೆ ಕೈ ಬದಲಾಗಿ ಕೇಳುವುದಕ್ಕೆ ಯಾರೂ ಇಲ್ಲದಿದ್ದರೆ ಅದು ಕಷ್ಟ. ಆಗ ಒಡೆಯುವ ಮೊದಲು ಆಸರೆ ಕೊಡುವುದೊಂದೇ ಗೊತ್ತಿರುವ ದಾರಿ. ನಾಲ್ಕು ಕಬ್ಬಿಣದ ಜ್ಯಾಕ್ ನಿಲ್ಲಿಸಲು ಒಂದು ಗಂಟೆ ಸಾಕು.

ಆ ಬಾಲ್ಕನಿಗೂ ಮೊದಲು ಮಾಡಿದ್ದು ಅದೇ. ಉದ್ದಕ್ಕೂ ಜ್ಯಾಕ್ ಕೊಟ್ಟೆವು. ಅಂಚಿನ ಕೆಳಗೆ ನೈಲಾನ್ ದಾರ ಬಿಗಿದು ಅಳತೆ ಬರೆದಿಟ್ಟೆವು. ಮನೆಯವರ ಜೊತೆ ಕೂತು ಎರಡು ದಾರಿ ಹೇಳಿದೆವು: ಬಾಲ್ಕನಿ ಪೂರಾ ಒಡೆದು ಹೊಸದು ಹಾಕುವುದು, ಇಲ್ಲವೇ ಅದನ್ನು ಹೊರುವ ಸರಿಯಾದ ಕಂಬಗಳನ್ನು ಕೊಡುವುದು. ಅವರು ಎರಡನೆಯದನ್ನು ಆರಿಸಿಕೊಂಡರು. ಲೆಕ್ಕ ಹಾಕಿಸಿ, ಟೈಲ್ಸ್ ತೆಗೆದು ಗಟ್ಟಿ ನೆಲ ಸಿಗುವವರೆಗೆ ಗುಂಡಿ ತೋಡಿ ಪಾಯ ಹಾಕಿ, ಬಾಗಿಲಿಗೆ ಅಡ್ಡವಾಗದ ಹಾಗೆ ಎರಡು ಬದಿಗೆ ಎರಡು ಕಂಬ ಎಬ್ಬಿಸಿ, ನಡುವೆ ಅಂಚಿನುದ್ದಕ್ಕೂ ಬೀಮ್ ಕೊಟ್ಟೆವು. ಪಾಯದ ಕಂಬಿ ಕಟ್ಟಿದ ದಿನ ಆ ಹಿರಿಯರು ಕುರ್ಚಿ ಹಾಕಿಸಿಕೊಂಡು ಪಕ್ಕದಲ್ಲೇ ಕೂತಿದ್ದರು. ಕಂಬಿಯನ್ನು ಅದರ ಜಾಗದಲ್ಲಿ ಎತ್ತಿ ಹಿಡಿಯುವ ಒಂದೊಂದು ಕವರ್ ಬ್ಲಾಕನ್ನೂ ಎಣಿಸಿದರು. ಬೀಮಿನ ಕಾಂಕ್ರೀಟಿಗೆ ಸಾಕಷ್ಟು ದಿನ ಕೊಟ್ಟು, ಆಮೇಲೆ ಮೇಸ್ತ್ರಿ ಹಳೆಯ ಇಟ್ಟಿಗೆ ಕಂಬವನ್ನು ಮೇಲಿನಿಂದ ಒಂದೊಂದೇ ವರಸೆ ಬಿಡಿಸಿದರು. ದಾರದ ಅಳತೆ ಕದಲಲಿಲ್ಲ.

ಕೆಲಸ ಮುಗಿದು ಹೊರಡುವಾಗ ಅವರು ಪಾಯದ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಕೊಡಿ ಅಂದರು. ವಾರದ ನಂತರ ಕೊಡಲು ಹೋದಾಗ ಮೀಟರ್ ಬೋರ್ಡಿನ ಬಾಗಿಲು ತೆಗೆದು ಒಳಬದಿ ತೋರಿಸಿದರು. ದಪ್ಪ ಮಾರ್ಕರಿನಲ್ಲಿ, ನಡುಗುವ ಅಕ್ಷರಗಳಲ್ಲಿ ತಾವೇ ಬರೆದಿದ್ದರು: "ಮುಂದಿನ ಎರಡು ಕಂಬ ಅಂದಕ್ಕಲ್ಲ. ಬಾಲ್ಕನಿ ಇವುಗಳ ಮೇಲೆ ನಿಂತಿದೆ. ಒಳಗಿನ ಕಂಬಿ ಕೆಳಗೆ ಕೂತಿದೆ, ತಪ್ಪು ನನ್ನದು. ಇವನ್ನು ತೆಗೆಯಬೇಡಿ." ಕೆಳಗೆ ತಾರೀಕು ಹಾಕಿ ಸಹಿ ಮಾಡಿದ್ದರು. ಫೋಟೋಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಆ ಬರಹದ ಪಕ್ಕದಲ್ಲೇ ಅಂಟಿಸಿದೆವು.