ಸಿಂಡ್ರೆಲಾ ಕೇಳಿದ್ದು ಒಂದು ಸಂಜೆ ರಜೆ

ಸಿಂಡ್ರೆಲಾ ರಾಜಕುಮಾರನ ದಾರಿ ಕಾಯುತ್ತಾ ಕೂತವಳಲ್ಲ. ನಾನು ಹೇಳುತ್ತಿರುವುದು 1950ರ ಡಿಸ್ನಿ ಕಾರ್ಟೂನ್ ಸಿನಿಮಾದ ಬಗ್ಗೆ. ಅದನ್ನು ಬೈಯುವವರಲ್ಲಿ ತುಂಬಾ ಜನ ಇಡೀ ಸಿನಿಮಾವನ್ನು ಚಿಕ್ಕಂದಿನಲ್ಲಿ ಒಂದು ಸಲ ನೋಡಿ, ಆಮೇಲೆ ಗಾಜಿನ ಚಪ್ಪಲಿಯ ಚಿತ್ರ ಮಾತ್ರ ನೆನಪಿಟ್ಟುಕೊಂಡವರು ಅನಿಸುತ್ತದೆ.

ಬೈಗುಳ ಹೊಸದೇನಲ್ಲ. 1981ರಲ್ಲೇ ಕೊಲೆಟ್ ಡೌಲಿಂಗ್ ಅನ್ನುವ ಅಮೆರಿಕದ ಲೇಖಕಿ, ಸ್ವಂತ ಕಾಲ ಮೇಲೆ ನಿಲ್ಲಲು ಹೆಂಗಸರ ಒಳಗೇ ಇರುವ ಭಯಕ್ಕೆ ಸಿಂಡ್ರೆಲಾ ಹೆಸರನ್ನೇ ಇಟ್ಟು ಪುಸ್ತಕ ಬರೆದರು. 2018ರಲ್ಲಿ ನಟಿ ಕೀರಾ ನೈಟ್ಲಿ ಟಿವಿಯಲ್ಲಿ ಕೂತು, ನನ್ನ ಮಗಳಿಗೆ ಈ ಸಿನಿಮಾ ತೋರಿಸುವುದಿಲ್ಲ ಎಂದರು. ಶ್ರೀಮಂತ ಗಂಡಸು ಬಂದು ಕಾಪಾಡಲಿ ಅಂತ ಅವಳು ಕಾಯುತ್ತಾಳಂತೆ, ಅದು ಕಾರಣ. ನಮ್ಮ ಮನೆಯಲ್ಲೂ ಇದೇ ಮಾತು. ನನ್ನ ಅಕ್ಕನ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ರಜೆಗೆ ಬಂದಾಗ ಕೇಳಿದಳು: "ಚಿಕ್ಕಮ್ಮ, ನೀನು ಇಷ್ಟು ಗಟ್ಟಿಗಿತ್ತಿ. ನಿಂಗೆ ಆ ಅಳುಮುಂಜಿ ಹೇಗೆ ಇಷ್ಟ ಆಗ್ತಾಳೆ?"

ನಾನು ತುಮಕೂರಿನಲ್ಲಿ ಹೊಲಿಗೆ ಅಂಗಡಿ ನಡೆಸುತ್ತೇನೆ. ಬ್ಲೌಸು, ಚೂಡಿದಾರ, ಸೀರೆಗೆ ಫಾಲು, ಕುಚ್ಚು. ಈ ಸಿನಿಮಾವನ್ನು ನಾನು ನೋಡುವುದು ಒಬ್ಬ ಟೈಲರ್ ಕಣ್ಣಿನಿಂದ. ಅಕ್ಕನ ಮಗಳಿಗೆ ಕೊಡಬೇಕಾದ ಉತ್ತರ ದೊಡ್ಡದಿತ್ತು, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಆ ಆಮಂತ್ರಣದ ದೃಶ್ಯ ನೋಡಿ. ಅರಮನೆಯಿಂದ ಪತ್ರ ಬರುತ್ತದೆ. ರಾಜಕುಮಾರನ ಗೌರವಕ್ಕೆ ಒಂದು ನೃತ್ಯಕೂಟ, ಮದುವೆ ವಯಸ್ಸಿನ ಪ್ರತಿಯೊಬ್ಬ ಹುಡುಗಿಯೂ ಬರಬೇಕು, ಇದು ರಾಜಾಜ್ಞೆ. ಸಿಂಡ್ರೆಲಾ ಪತ್ರ ತಂದುಕೊಟ್ಟು ಸುಮ್ಮನೆ ವಾಪಸ್ ಹೋಗುವುದಿಲ್ಲ. ಹಾಗಾದರೆ ನಾನೂ ಹೋಗಬಹುದು ಅನ್ನುತ್ತಾಳೆ. ಮಲಅಕ್ಕಂದಿರು ನಗುತ್ತಾರೆ. ಅವಳು ಜಗ್ಗುವುದಿಲ್ಲ. ಯಾಕೆ ಹೋಗಬಾರದು, ನಾನೂ ಈ ಮನೆಯವಳೇ, ಪ್ರತಿಯೊಬ್ಬ ಹುಡುಗಿ ಅಂತ ಪತ್ರದಲ್ಲೇ ಬರೆದಿದೆಯಲ್ಲ ಅಂತ ನೇರವಾಗಿ ಕೇಳುತ್ತಾಳೆ. ಮನೆಯ ಯಜಮಾನಿಯ ಮುಖಕ್ಕೆ ನಿಂತು, ಕಾಗದದಲ್ಲಿರುವ ಹಕ್ಕನ್ನು ತೋರಿಸಿ ಕೇಳುವವಳನ್ನು ಅಳುಮುಂಜಿ ಅನ್ನುವುದು ಹೇಗೆ?

ಅವಳು ಕೇಳಿದ್ದಾದರೂ ಏನು? ಒಂದು ಸಂಜೆ. ಕೆಲಸದಿಂದ ಬಿಡುವು, ಒಂದು ಒಳ್ಳೆ ಬಟ್ಟೆ, ನಾಲ್ಕು ಜನರ ಮಧ್ಯೆ ಸ್ವಲ್ಪ ಹೊತ್ತು. ಮದುವೆ ಕೇಳಲಿಲ್ಲ. ಅಷ್ಟೇ ಅಲ್ಲ, ಅರಮನೆಯಲ್ಲಿ ತಾನು ಯಾರ ಜೊತೆ ಕುಣಿದೆ ಅಂತಲೂ ಅವಳಿಗೆ ಗೊತ್ತಿರುವುದಿಲ್ಲ. ದೇವತೆ ಕೊಟ್ಟ ಬಟ್ಟೆ, ಗಾಡಿಯ ಮಂತ್ರ ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ. ಗಡಿಯಾರ ಹನ್ನೆರಡು ಹೊಡೆಯಲು ಶುರುವಾದಾಗ ಅವಳು ಆ ಹುಡುಗನಿಗೆ ಹೇಳುವ ನೆಪವೇ, ನಾನಿನ್ನೂ ರಾಜಕುಮಾರನನ್ನು ನೋಡಿಲ್ಲ ಅಂತ! ಮನೆಗೆ ಓಡುವ ದಾರಿಯಲ್ಲಿ ಕುಂಬಳಕಾಯಿ, ಇಲಿಗಳ ಮಧ್ಯೆ ಹರಿದ ಬಟ್ಟೆಯಲ್ಲಿ ನಿಂತಾಗಲೂ ಅವಳಿಗೆ ಅದು ಗೊತ್ತಿಲ್ಲ. ಮಂತ್ರ ಮುಗಿಯಿತು ಅಂತ ಗೊಣಗುವುದಿಲ್ಲ. ಸಂಜೆ ಚೆನ್ನಾಗಿತ್ತು ಅಂತ ಥ್ಯಾಂಕ್ಸ್ ಹೇಳುತ್ತಾಳೆ. ಅವನು ರಾಜಕುಮಾರ ಅಂತ ತಿಳಿಯುವುದು ಮಾರನೇ ದಿನ, ಮಲತಾಯಿಯ ಬಾಯಿಂದ. ಆ ಮಾತು ಕೇಳಿ ಕೈಯಲ್ಲಿದ್ದ ತಟ್ಟೆ ಬಿದ್ದುಹೋಗುತ್ತದೆ. ಶ್ರೀಮಂತನಿಗೆ ಬಲೆ ಬೀಸಿದವಳ ಲಕ್ಷಣವಾ ಇದು?

ಇನ್ನೊಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಅಷ್ಟು ಕಷ್ಟ ಇದ್ದರೆ ಮನೆ ಬಿಟ್ಟು ಹೋಗಬಹುದಿತ್ತಲ್ಲ?

ಅದು ಯಾರ ಮನೆ? ಅವಳ ಅಪ್ಪನ ಮನೆ. ಸಿನಿಮಾ ಶುರುವಾಗುವುದೇ ಆ ಕಥೆಯಿಂದ. ಹೆಂಡತಿ ಹೋದ ಮೇಲೆ, ಮಗಳಿಗೆ ತಾಯಿ ಬೇಕು ಅಂತ ಅಪ್ಪ ಎರಡನೇ ಮದುವೆ ಆಗುತ್ತಾನೆ. ಅವನೂ ಸಾಯುತ್ತಾನೆ. ಮಲತಾಯಿ ಆಸ್ತಿಯನ್ನೆಲ್ಲ ತನ್ನ ಹೆಣ್ಣುಮಕ್ಕಳ ಶೋಕಿಗೆ ಕರಗಿಸಿ, ಇವಳನ್ನು ಇವಳ ಮನೆಯಲ್ಲೇ ಆಳು ಮಾಡುತ್ತಾಳೆ. ಬಿಟ್ಟು ಹೋಗು ಅನ್ನುವುದು ಸುಲಭ. ಹಾಗೆ ಹೋದರೆ ಮನೆ ಯಾರ ಪಾಲಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಪಾಲಿನ ಜಗಳ ನೋಡಿದ ಯಾವ ಮನೆಯವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮಲತಾಯಿ ಲೇಡಿ ಟ್ರೆಮೇನ್ ಹೊಡೆಯುವುದಿಲ್ಲ. ಈ ಸಿನಿಮಾದಲ್ಲಿ ನನಗೆ ತುಂಬಾ ನಿಜ ಅನಿಸುವುದು ಇದೇ. ಕತ್ತಲು ಕೋಣೆ, ಮಂಚದಲ್ಲಿ ಅವಳು, ತೊಡೆಯ ಮೇಲೆ ಲೂಸಿಫರ್ ಬೆಕ್ಕು. ಬೆಳಗಿನ ಟೀ ನಿಧಾನಕ್ಕೆ ಕುಡಿಯುತ್ತಾ ಕೆಲಸ ಹೇಳುತ್ತಾಳೆ. ಹಾಲ್‌ನ ದೊಡ್ಡ ಜಮಖಾನ ತೊಳೆಯಬೇಕು. ಮೇಲೆ ಕೆಳಗೆ ಎಲ್ಲಾ ಕಿಟಕಿ ಒರೆಸಬೇಕು. ಪರದೆಗಳನ್ನೂ ಒಗೆಯಬೇಕು. ಈಗ ತಾನೇ ಮುಗಿಸಿದೆನಲ್ಲ ಅಂತ ಸಿಂಡ್ರೆಲಾ ಬಾಯಿ ತೆಗೆದರೆ, ಇನ್ನೊಂದು ಸಲ ಮಾಡು. ತೋಟ, ಜಗಲಿ, ಮೆಟ್ಟಿಲು, ಚಿಮಣಿ. ಆಮೇಲೆ ಹೊಲಿಗೆ, ಬಟ್ಟೆ ಒಗೆಯುವುದು. ಎಲ್ಲಾ ಮುಗಿದ ಮೇಲೆ ಕೊನೆಗೊಂದು: ಬೆಕ್ಕಿಗೆ ಸ್ನಾನ ಮಾಡಿಸು. ಒಂದೇ ಒಂದು ಸಲ ದನಿ ಏರುತ್ತದೆ, ಅಷ್ಟೇ. ಈ ಪಾತ್ರಕ್ಕೆ ದನಿ ಕೊಟ್ಟವರು ಎಲಿನರ್ ಆಡ್ಲಿ, ಬಿಡಿಸಿದವರು ಫ್ರಾಂಕ್ ಥಾಮಸ್. ಮಂತ್ರ ಇಲ್ಲ, ಕೊಂಬು ಇಲ್ಲ, ವಿಷದ ಸೇಬಿಲ್ಲ. ಆದರೂ ಡಿಸ್ನಿಯ ಯಾವ ಮಾಟಗಾತಿಗೂ ನಾನು ಇವಳಷ್ಟು ಹೆದರಿಲ್ಲ.

ನೃತ್ಯಕೂಟಕ್ಕೆ ಹೋಗಬೇಡ ಅಂತಲೂ ಅವಳು ಹೇಳುವುದಿಲ್ಲ. ಕೆಲಸ ಎಲ್ಲಾ ಮುಗಿಸಿದರೆ ಹೋಗು, ತಕ್ಕ ಬಟ್ಟೆ ಸಿಕ್ಕಿದರೆ ಹೋಗು ಅನ್ನುತ್ತಾಳೆ. ಅವಳ ಮಕ್ಕಳು ಗಾಬರಿಯಾದಾಗ, "ಮುಗಿಸಿದರೆ" ಅಂತ ತಾನೇ ನಾನು ಹೇಳಿದ್ದು ಅಂತ ನಗುತ್ತಾಳೆ. ನನ್ನ ಅಂಗಡಿಗೆ ಹೊಲಿಗೆ ಕಲಿಯಲು ಒಬ್ಬ ಹುಡುಗಿ ಬರುತ್ತಿದ್ದಳು. ಸಂಬಂಧಿಕರ ಮನೆಯಲ್ಲಿ ಇದ್ದವಳು. ಕಲಿಯಲು ಹೋಗಬೇಡ ಅಂತ ಆ ಮನೆಯವರು ಒಂದು ದಿನವೂ ಹೇಳಲಿಲ್ಲ. ಮನೆಕೆಲಸ ಮುಗಿಸಿ ಹೋಗು ಅನ್ನುತ್ತಿದ್ದರು. ಅವಳು ಹೊರಡುವ ಹೊತ್ತಿಗೆ ಸರಿಯಾಗಿ ನೆಂಟರು ಬರುತ್ತಿದ್ದರು, ಅಕ್ಕಿ ಆರಿಸುವುದು ಬರುತ್ತಿತ್ತು, ಟ್ಯಾಂಕು ತೊಳೆಯುವುದು ಬರುತ್ತಿತ್ತು. ಬ್ಲೌಸ್ ಕಟಿಂಗ್‌ಗೆ ಬರುವ ಮುಂಚೆಯೇ ಬರುವುದು ನಿಂತುಹೋಯಿತು. ನಾನೇ ಬಿಡಿಸಿಕೊಂಡೆ ಅಕ್ಕಾ, ಟೈಮ್ ಆಗಲ್ಲ ಅಂದಳು. ಅಂಥ ಮನೆಯೊಳಗೆ ಸಿಂಡ್ರೆಲಾ ಹಾಡು ಮರೆತಿಲ್ಲ, ಸೊಟ್ಟ ಮಾತು ಕಲಿತಿಲ್ಲ, ಬೋನಿಗೆ ಬಿದ್ದ ಇಲಿಯನ್ನು ಬಿಡಿಸಿ ಅದಕ್ಕೆ ಅಂಗಿ ತೊಡಿಸಿ ಗಸ್ ಅಂತ ಹೆಸರಿಡುವಷ್ಟು ಮನಸ್ಸು ಉಳಿಸಿಕೊಂಡಿದ್ದಾಳೆ. ಅದನ್ನು ಶಕ್ತಿ ಅಂತ ಲೆಕ್ಕಕ್ಕೆ ಹಿಡಿಯದವರು, ಅಂಥ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕು.

ಪೆದ್ದಿಯೂ ಅಲ್ಲ ಅವಳು. ಬೆಳಿಗ್ಗೆ ಅರಮನೆ ಗಡಿಯಾರ ಹೊಡೆದಾಗ, ಇದೂ ನನಗೆ ಹುಕುಂ ಮಾಡುತ್ತದಲ್ಲ ಅಂತ ಬೈಯುತ್ತಾಳೆ. ಲೂಸಿಫರ್‌ನಲ್ಲೂ ಒಳ್ಳೆ ಗುಣ ಇದೆ ಅಂತ ಹೇಳಲು ಹೋಗಿ, ಎಷ್ಟು ಯೋಚಿಸಿದರೂ ಒಂದೂ ಸಿಗದೆ ತಡವರಿಸುತ್ತಾಳೆ. ಮಲಅಕ್ಕಂದಿರ ಕರ್ಕಶ ಸಂಗೀತಪಾಠ ನಡೆಯುತ್ತಿರುವಾಗ ಪತ್ರ ಹಿಡಿದು ನಿಂತು "ಸಂಗೀತ" ಅನ್ನುವ ಪದದ ಮುಂಚೆ ಸಣ್ಣಗೆ ಒಂದು ಕ್ಷಣ ತಡೆಯುತ್ತಾಳೆ. ಆ ತಡೆ ಕೇಳಿಸಿಕೊಳ್ಳಿ. ಇಲೀನ್ ವುಡ್ಸ್ ಅವರ ದನಿಯಲ್ಲಿ ಎಷ್ಟು ತುಂಟತನ ಇದೆ ಅಂತ ಗೊತ್ತಾಗುತ್ತದೆ.

ಇನ್ನು ಬಟ್ಟೆಗೆ ಬರುತ್ತೇನೆ. ನನ್ನ ವಿಷಯ ಇದು.

ಎಲ್ಲರೂ ನೆನಪಿಟ್ಟುಕೊಳ್ಳುವುದು ದೇವತೆ ಕೋಲು ಬೀಸಿ ಕೊಟ್ಟ ಮಿನುಗುವ ಗೌನನ್ನು. ನನಗೆ ಮುಖ್ಯ ಅದಕ್ಕೂ ಮುಂಚಿನ ಗುಲಾಬಿ ಬಟ್ಟೆ. ಅದು ಅವಳ ತಾಯಿಯದು. ಪೆಟ್ಟಿಗೆಯಿಂದ ತೆಗೆದು ಇಲಿಗಳಿಗೆ ತೋರಿಸುತ್ತಾಳೆ, ಸ್ವಲ್ಪ ಹಳೇ ಕಾಲದ್ದು, ಸರಿ ಮಾಡಿಕೊಳ್ಳುತ್ತೇನೆ ಅನ್ನುತ್ತಾಳೆ. ಡಿಸೈನ್ ಪುಸ್ತಕ ತೆರೆದು ಲೆಕ್ಕ ಹಾಕುತ್ತಾಳೆ: ತೋಳು ಗಿಡ್ಡ ಮಾಡಬೇಕು, ಸೊಂಟಕ್ಕೆ ಪಟ್ಟಿ ಬೇಕು, ನೆರಿಗೆ ಬೇಕು, ಕತ್ತಿನ ಹತ್ತಿರ ಏನಾದರೂ ಬೇಕು. ಹಳೇ ಬಟ್ಟೆ ತಂದ ಗಿರಾಕಿ ಮುಂದೆ ನಾನು ಮಾಡುವ ಲೆಕ್ಕವೇ ಇದು. ಅಮ್ಮನ ಸೀರೆ ತಂದು ಲಂಗ ಹೊಲಿಸುವ ಹುಡುಗಿಯರು ವರ್ಷವಿಡೀ ಬರುತ್ತಾರೆ. ಕತ್ತರಿ ಹಾಕುವ ಮುಂಚೆ ಅವರ ಮುಖ ಒಂದು ಸಲ ನೋಡುತ್ತೇನೆ. ಅಂದರೆ ಸಿಂಡ್ರೆಲಾ ಮಂತ್ರ ಕಾಯುತ್ತಿರಲಿಲ್ಲ. ತಾನೇ ಹೊಲಿದುಕೊಂಡು ಹೋಗುವವಳಿದ್ದಳು. ಅಷ್ಟರಲ್ಲಿ ಕೆಳಗಿಂದ ಕೂಗು ಬರುತ್ತದೆ, ಪುಸ್ತಕ ಹಾಗೇ ಉಳಿಯುತ್ತದೆ.

ಆಮೇಲೆ ಇಲಿಗಳು, ಹಕ್ಕಿಗಳು ಸೇರಿ ಹೊಲಿಯುತ್ತವೆ. ಟೇಪು ಹಿಡಿದು ಅಳತೆ, ಕತ್ತರಿ, ಸೂಜಿ ದಾರ, ಎಲ್ಲಾ ಕ್ರಮವಾಗಿ ತೋರಿಸಿದ್ದಾರೆ. ಪಟ್ಟಿ, ಮಣಿಸರ ತರಲು ಜ್ಯಾಕ್ ಮತ್ತು ಗಸ್ ಹೋಗುತ್ತಾರೆ. ಅವೆರಡೂ ಎಲ್ಲಿಂದ ಬಂದವು ಅನ್ನುವುದನ್ನು ಗಮನಿಸಿ. ಒಬ್ಬ ಮಲಅಕ್ಕ ಅನಸ್ತೇಸಿಯಾ ಈ ಪಟ್ಟಿ ನನಗೆ ಬೇಡ ಅಂತ ನೆಲಕ್ಕೆ ಎಸೆದದ್ದು, ಇನ್ನೊಬ್ಬಳು ಡ್ರಿಸೆಲಾ ಈ ಮಣಿ ನೋಡಿ ಸಾಕಾಯಿತು ಅಂತ ಬಿಸಾಡಿದ್ದು. ಕಸ. ಆ ಕಸವೇ ಅವಳ ಮೈ ಮೇಲೆ ಚೆನ್ನಾಗಿ ಕಂಡ ಕೂಡಲೇ ಕಳ್ಳಿ ಅನ್ನುತ್ತಾರೆ. ಮಲತಾಯಿ ಅಲ್ಲೂ ಕೈ ಹಾಕುವುದಿಲ್ಲ. ಈ ಮಣಿ ಎಷ್ಟು ಚೆನ್ನಾಗಿ ಒಪ್ಪಿದೆ, ಅಲ್ವಾ ಡ್ರಿಸೆಲಾ ಅಂತ ಒಂದು ಮಾತು ಎತ್ತಿ ಕೊಡುತ್ತಾಳೆ. ಅಷ್ಟು ಸಾಕು. ತೋಳು, ನೆರಿಗೆ, ಪಟ್ಟಿ ಎಲ್ಲಾ ಹರಿಯುತ್ತದೆ. ಹರಿದಾದ ಮೇಲೆ, ಸಾಕು ಮಕ್ಕಳೇ ಅಂತ ತನ್ನವರನ್ನು ಕರೆದುಕೊಂಡು ಹೋಗುತ್ತಾಳೆ. ತಾಯಿಯ ಬಟ್ಟೆ ಅದು. ಹೊಲಿಗೆ ಗೊತ್ತಿರುವ ಯಾರಿಗೂ ಆ ಚರ್ರೆನ್ನುವ ಸದ್ದು ಸುಮ್ಮನೆ ಕೇಳಲು ಆಗುವುದಿಲ್ಲ. ಅದಾದ ಮೇಲೆ ಅವಳು ತೋಟದಲ್ಲಿ ಬಿದ್ದು ಅತ್ತರೆ, ಅದನ್ನು ದೌರ್ಬಲ್ಯ ಅನ್ನುತ್ತೀರಾ?

ಒಪ್ಪಬೇಕಾದ್ದೂ ಇದೆ. ಜ್ಯಾಕ್ ತಾನೂ ಹೊಲಿಯಲು ಬಂದಾಗ, ಹೊಲಿಗೆ ಹೆಂಗಸರಿಗೆ ಬಿಡು ಅಂತ ಒಂದು ಹೆಣ್ಣಿಲಿ ಹೇಳುತ್ತದೆ. ನನಗೆ ಕಟಿಂಗ್ ಕಲಿಸಿದವರು ಗಂಡಸರು, ನಮ್ಮ ಬೀದಿಯ ಎಷ್ಟೋ ಟೈಲರ್‌ಗಳು ಗಂಡಸರು. ಆ ಮಾತು ಚುಚ್ಚುತ್ತದೆ. ಮಲಅಕ್ಕಂದಿರನ್ನು ಕುರೂಪಿಗಳಾಗಿ ಬಿಡಿಸಿ, ಮನಸ್ಸಿನ ಕೊಳಕನ್ನು ಮೂಗು ಪಾದಗಳಿಗೆ ಅಂಟಿಸಿದ್ದು ಇನ್ನೂ ದೊಡ್ಡ ತಪ್ಪು. ನೋಡಲು ಸಾಧಾರಣ ಇರುವ ಮಕ್ಕಳು ಈ ಸಿನಿಮಾ ನೋಡುತ್ತಾರೆ. ಈ ಎರಡಕ್ಕೂ ನಾನು ವಕಾಲತ್ತು ಹಾಕುವುದಿಲ್ಲ.

ಹಾಗಂತ ಅವಳನ್ನೇ ಬದಲಾಯಿಸಬೇಕಿರಲಿಲ್ಲ. 2021ರಲ್ಲಿ ಬಂದ ಹೊಸ ಸಿನಿಮಾದಲ್ಲಿ ಸಿಂಡ್ರೆಲಾ ನನ್ನ ಕಸುಬಿನವಳೇ. ಬಟ್ಟೆ ಡಿಸೈನ್ ಮಾಡಿ ಸ್ವಂತ ಅಂಗಡಿ ಇಡುವುದು ಅವಳ ಕನಸು. ನಾನು ಕುಣಿದಾಡಬೇಕಿತ್ತು. ಆದರೆ ಅಲ್ಲಿ ಹುಡುಗಿಗೆ ಬೆಲೆ ಬರುವುದು ಅವಳಿಗೊಂದು ಗುರಿ, ಒಂದು ವ್ಯಾಪಾರ ಇರುವುದರಿಂದ. ಅಂಗಡಿ ಇಡಲಾಗದ, ಏನೂ ಆಗಲಾಗದ, ಬರೀ ಮನೆಕೆಲಸದಲ್ಲಿ ಸವೆಯುವ ಹುಡುಗಿಗೂ ಒಂದು ಕಥೆ ಬೇಡವಾ? ನಮ್ಮ ಕನ್ನಡದಲ್ಲೇ ಹಂಚಿಯ ಕಥೆ ಇದೆ. ಎ.ಕೆ. ರಾಮಾನುಜನ್ ಅದನ್ನು ಕನ್ನಡದ ಸಿಂಡ್ರೆಲಾ ಅಂತ ಕರೆದು ಬರೆದಿದ್ದಾರೆ. ಮಣ್ಣಿನ ಮುಖವಾಡದಲ್ಲಿ ಮುಖ ಮುಚ್ಚಿಕೊಂಡು, ಸಾಹುಕಾರರ ಮನೆಯಲ್ಲಿ ಅಡುಗೆ ಮಾಡಿಕೊಂಡು ಬದುಕುವ ಹುಡುಗಿ. ಅವಳು ಯಾರ ಮೇಲೂ ಯುದ್ಧ ಸಾರುವುದಿಲ್ಲ. ಅಪಾಯದಿಂದ ತಪ್ಪಿಸಿಕೊಂಡು, ಉಳಿದುಕೊಳ್ಳುತ್ತಾಳೆ. ಈ ಕಥೆಗಳು ನೂರಾರು ವರ್ಷ ಬಾಯಿಂದ ಬಾಯಿಗೆ ಬಂದದ್ದು ಅಂಥವರಿಗಾಗಿಯೇ ಅಂತ ನಾನು ನಂಬುತ್ತೇನೆ.

ಕೊನೆಗೆ ಆ ಕಾಪಾಡುವ ವಿಷಯ. ರಾಜಕುಮಾರ ಅವಳನ್ನು ಹುಡುಕಿಕೊಂಡು ಬರುವುದೇ ಇಲ್ಲ! ಅವಳು ಅರಮನೆಯಲ್ಲಿ ಬಿಟ್ಟುಹೋದ ಗಾಜಿನ ಚಪ್ಪಲಿ ಹಿಡಿದು ಬರುವವನು ರಾಜನ ಕಡೆಯ ಗ್ರ್ಯಾಂಡ್ ಡ್ಯೂಕ್, ಅದೂ ರಾಜನ ಭಯಕ್ಕೆ. ಮಲತಾಯಿ ಇವಳನ್ನು ಅಟ್ಟದ ಕೋಣೆಗೆ ಹಾಕಿ ಬೀಗ ಜಡಿದಿರುತ್ತಾಳೆ. ಬೀಗದ ಕೈಯನ್ನು ಮಲತಾಯಿಯ ಜೇಬಿನಿಂದ ಕದ್ದು, ಒಂದೊಂದೇ ಮೆಟ್ಟಿಲು ಎಳೆದು ತರುವುದು ಜ್ಯಾಕ್ ಮತ್ತು ಗಸ್, ಅವಳು ಬೋನಿನಿಂದ ಬಿಡಿಸಿದ ಅದೇ ಗಸ್. ಬೆಕ್ಕು ಅಡ್ಡ ಬಂದಾಗ, ಬ್ರೂನೋ ನಾಯಿಯನ್ನು ಕರೆತನ್ನಿ ಅಂತ ಹಕ್ಕಿಗಳಿಗೆ ಬಾಗಿಲ ಹಿಂದಿನಿಂದ ಕೂಗಿ ಹೇಳುವುದು ಸಿಂಡ್ರೆಲಾನೇ. ಅವಳು ಓಡಿ ಕೆಳಗೆ ಬರುತ್ತಾಳೆ. ಮಲತಾಯಿ ಡ್ಯೂಕ್‌ನ ಆಳಿನ ಕಾಲಿಗೆ ಕೋಲು ಅಡ್ಡ ಕೊಡುತ್ತಾಳೆ, ಗಾಜಿನ ಚಪ್ಪಲಿ ಚೂರು ಚೂರು. ಡ್ಯೂಕ್ ನೆಲದಲ್ಲಿ ಕೂತು ರಾಜ ಏನು ಮಾಡುತ್ತಾನೋ ಅಂತ ಗೋಳಾಡುತ್ತಾನೆ. ಇನ್ನು ಯಾರಿಂದಲೂ ಏನೂ ಆಗದು ಅನ್ನುತ್ತಾನೆ. ಆಗ ಸಿಂಡ್ರೆಲಾ ಅವನಿಗೆ ಸಮಾಧಾನ ಹೇಳಿ, ಇನ್ನೊಂದು ಚಪ್ಪಲಿ ನನ್ನ ಹತ್ತಿರ ಇದೆ ಅಂತ ತೆಗೆದು ತೋರಿಸುತ್ತಾಳೆ. ಆ ಹೊತ್ತಿನಲ್ಲಿ ಲೇಡಿ ಟ್ರೆಮೇನ್ ಮುಖವನ್ನು ಫ್ರಾಂಕ್ ಥಾಮಸ್ ಹೇಗೆ ಬಿಡಿಸಿದ್ದಾರೆ ಅಂತ ನನ್ನ ಅಕ್ಕನ ಮಗಳು ಒಂದು ಸಲ ನಿಲ್ಲಿಸಿ ನೋಡಲಿ. ಆಮೇಲೆ ಬಂದು ನನ್ನ ಜೊತೆ ಜಗಳ ಆಡಲಿ, ನಾನು ಅಂಗಡಿಯಲ್ಲೇ ಇರುತ್ತೇನೆ.