ಜಾರ್ಜ್ ಇನ್‌ಗೆ ಹೋದರೆ ಹಿಂದಿನ ಅಂಗಳ ಬಿಡಬೇಡಿ

ಇಂಗ್ಲೆಂಡಿನ ಬಾತ್‌ನಲ್ಲಿ ಹಳೇ ಹಳ್ಳಿ ಪಬ್ ತೋರಿಸ್ತೀವಿ ಅಂತ ಮಿನಿಬಸ್ ಟೂರ್‌ನವರು ಕರೆಯುತ್ತಾರೆ. ನಮ್ಮನ್ನು ಕರೆದೊಯ್ದವರು ನಾರ್ಟನ್ ಸೇಂಟ್ ಫಿಲಿಪ್ ಊರಿನ ಜಾರ್ಜ್ ಇನ್ ಎದುರು ಗಾಡಿ ನಿಲ್ಲಿಸಿ, ಇಲ್ಲಿಂದಲೇ ಫೋಟೊ ತೆಗೀರಿ ಅಂದರು. ಒಳಗೆ ಹೋಗೋಕೆ ಟೈಮ್ ಇಲ್ಲವಂತೆ! ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮರುದಿನ ಮಾಮೂಲಿ ಬಸ್ಸಿನಲ್ಲಿ ನಾವೇ ಹೋದೆವು. ಬಾತ್‌ನಿಂದ ದಕ್ಷಿಣಕ್ಕೆ ಸುಮಾರು 10 ಕಿಲೋಮೀಟರ್, ಅಷ್ಟೇ. ವಾಪಸ್ ಬಸ್ಸಿನ ಹೊತ್ತು ಮಾತ್ರ ಇಳಿಯುವಾಗಲೇ ಡ್ರೈವರ್ ಹತ್ತಿರ ಕೇಳಿಟ್ಟುಕೊಳ್ಳಿ.

ಮೊದಲು ರಸ್ತೆಯ ಆಚೆ ಬದಿ ನಿಂತು ನೋಡಿ. ನೆಲ ಅಂತಸ್ತು ಪೂರ್ತಿ ಕಲ್ಲು. ಅದರ ಮೇಲಿನ ಎರಡು ಅಂತಸ್ತು ಮರದ ಕಂಬ, ತೊಲೆ, ನಡುವೆ ಗಾರೆ. ಮರದ ಅಂತಸ್ತುಗಳು ಕಲ್ಲಿನ ಗೋಡೆ ದಾಟಿ ರಸ್ತೆಯ ಕಡೆ ಚಾಚಿಕೊಂಡಿವೆ. ಎರಡು ಬೇರೆ ಬೇರೆ ಮನೆಗಳನ್ನು ಒಂದರ ಮೇಲೊಂದು ಕೂರಿಸಿದ ಹಾಗಿದೆ. 14ನೇ ಶತಮಾನದಲ್ಲಿ ಪಕ್ಕದ ಹಿಂಟನ್ ಮಠದವರು ಕಟ್ಟಿಸಿದ್ದು. ಮರದ ಭಾಗ ಆಮೇಲಿನದು. ಊರಲ್ಲಿ ಉಣ್ಣೆ, ಬಟ್ಟೆ ಜಾತ್ರೆ ನಡೆಯುತ್ತಿತ್ತು. ಬಂದ ವ್ಯಾಪಾರಿಗಳಿಗೆ ತಂಗಲು ಕೋಣೆ, ಮಾಲಿಗೆ ಮೇಲಿನ ಅಂತಸ್ತು, ಎಲ್ಲ ಒಂದೇ ಸೂರಿನಡಿ. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಲ್ವಾ?

ಆಮೇಲೆ ಕಮಾನಿನ ಬಾಗಿಲು ದಾಟಿ ಹಿಂದಿನ ಅಂಗಳಕ್ಕೆ ಹೋಗಿ. ಟೂರ್‌ನವರು ನಮಗೆ ತಪ್ಪಿಸಿದ್ದು ಇದನ್ನೇ. ಕೋಣೆಗಳ ಮುಂದೆ ಹಾದುಹೋಗುವ ಮರದ ವರಾಂಡ, ಗೋಡೆಯಿಂದ ಹೊರಗೆ ಉಬ್ಬಿದ ಹಲವು ಮೂಲೆಯ ಮೆಟ್ಟಿಲಗೋಪುರ. ಮಧ್ಯಕಾಲದ ಛತ್ರ ಹೇಗಿತ್ತು ಅನ್ನೋದು ಇಲ್ಲಿ ನಿಂತರೇ ತಿಳಿಯೋದು. 1685ರ ಜೂನಿನಲ್ಲಿ ರಾಜನ ಮೇಲೆ ದಂಗೆ ಎದ್ದ ಮಾನ್ಮತ್ ಡ್ಯೂಕ್ ಇಲ್ಲೇ ಬೀಡುಬಿಟ್ಟಿದ್ದ. ಎತ್ತರದವರು ಒಳಗೆ ತಲೆ ತಗ್ಗಿಸಿಯೇ ನಡೆಯಿರಿ, ತೊಲೆಗಳು ತಗ್ಗು. ಭಾನುವಾರ ಜನ ಜಾಸ್ತಿ, ನನಗಂತೂ ಆ ಗಲಾಟೆ ಆಗೋದಿಲ್ಲ. ವಾರದ ದಿನ ಹೋಗಿ.

ಹಳ್ಳಿ ಪಬ್‌ಗಳಲ್ಲಿ ಮಧ್ಯಾಹ್ನದ ಊಟ ಮುಗಿದರೆ ರಾತ್ರಿಯವರೆಗೆ ಅಡುಗೆಮನೆ ಮುಚ್ಚುವುದು ಸಾಮಾನ್ಯ. ಹಾಗಾಗಿ ಬಾತ್‌ನಲ್ಲೇ ಹೊಟ್ಟೆ ತುಂಬಿಸಿಕೊಂಡು ಹೊರಡಿ. ಸ್ಟೇಷನ್‌ನಿಂದ ಸ್ವಲ್ಪ ದೂರದಲ್ಲಿ, ಗಲ್ಲಿಯೊಳಗೆ ಒಂದು ಪುಟ್ಟ ಅಂಗಡಿ ಇದೆ. ಸಿಪ್ಪೆ ಸಮೇತ ಓವನ್‌ನಲ್ಲಿ ಬೇಯಿಸಿದ ದಪ್ಪ ಆಲೂಗಡ್ಡೆಯನ್ನು ಕಣ್ಣೆದುರೇ ಸೀಳಿ, ಬೆಣ್ಣೆ ಹಾಕಿ, ಮೇಲೆ ಚೆಡ್ಡರ್ ಚೀಸ್ ತುರಿದು ಕೊಡುತ್ತಾರೆ. ಚೆಡ್ಡರ್ ಹುಟ್ಟಿದ್ದೂ ಇದೇ ಸಾಮರ್ಸೆಟ್ ಸೀಮೆಯಲ್ಲಿ. ಸಿಪ್ಪೆ ಗರಿಗರಿ, ಒಳಗೆ ಹಬೆಯಾಡುವ ಬಿಸಿ. ಸಸ್ಯಾಹಾರಿಗಳು ಮಾತ್ರ ಚೀಸ್ ಯಾವುದು ಅಂತ ಮೊದಲು ಕೇಳಿ, ಕೆಲವು ಚೆಡ್ಡರ್‌ಗೆ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ. ಪಬ್ ಊಟದ ಅರ್ಧ ರೇಟೂ ಇಲ್ಲ. ತಡವಾದರೆ ಆಲೂಗಡ್ಡೆ ಖಾಲಿ, ಸ್ವಲ್ಪ ಬೇಗ ಹೋಗಿ.